ಮಧುರೆಯ ಮುತ್ತಿಗೆ: ಆಕರಗಳ ನುಡಿ ಮತ್ತು ಮೌನ

ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಪಾಂಡ್ಯ ಸಿಂಹಾಸನಕ್ಕಾಗಿ ಪರಾಕ್ರಮ ಪಾಂಡ್ಯ ಮತ್ತು ಕುಲಶೇಖರ ಪಾಂಡ್ಯರ ನಡುವೆ ನಡೆದ ಉತ್ತರಾಧಿಕಾರದ ಕಲಹವು ದಕ್ಷಿಣ ಭಾರತ ಹಾಗೂ ಸಿಂಹಳಗಳ ಇತಿಹಾಸದಲ್ಲಿ ಹಲವು ಸಲ ಚರ್ಚೆಗೊಳಗಾಗಿದೆ. ಕುಲಶೇಖರನು ಮಧುರೆಗೆ ಮುತ್ತಿಗೆ ಹಾಕಿದ್ದು, ಒಳಗೆ ಸಿಲುಕಿದ ಪರಾಕ್ರಮ ಪಾಂಡ್ಯನು ಲಂಕೆಯ ಒಂದನೆಯ ಪರಾಕ್ರಮಬಾಹುವಿನ (1153-1186) ನೆರವು ಬೇಡಿದ್ದು, ನೆರವು ಕಡಲು ದಾಟುವ ಮೊದಲೇ ನಗರವು ಬಿದ್ದದ್ದು, ಬಳಿಕ ಚೋಳರು ಕುಲಶೇಖರನ ಪರ ನಿಂತದ್ದು ಇವಿಷ್ಟೂ ಪಠ್ಯಪುಸ್ತಕಗಳಲ್ಲಿ ಒಂದೇ ಕಥೆಯಾಗಿ ಸಿಗುತ್ತವೆ. ಆದರೆ ಈ ಕಥೆಯನ್ನು ಆದ್ಯಂತವಾಗಿ ಹೇಳುವ ಮೂಲ ಆಕರ ಒಂದೂ ಇಲ್ಲ. ಮೊದಲರ್ಧ ಪಾಲಿ ಭಾಷೆಯ ಚೂಳವಂಸದ್ದು. ಉತ್ತರಾರ್ಧ ಎರಡನೆಯ ರಾಜಾಧಿರಾಜ ಚೋಳನ ಕಾಲದ ತಮಿಳು ಶಾಸನಗಳದ್ದು. ಈ ಎರಡನ್ನೂ ಹೊಲಿದು ಒಂದಾಗಿಸಿದಾಗ ಹೊಲಿಗೆಯ ಗುರುತು ಕಾಣದಂತಾಗಿದೆ ಎಂಬುದೇ ನನ್ನ ಆಕ್ಷೇಪ.

ಚೂಳವಂಸದ 76 ಮತ್ತು 77ನೆಯ ಪರಿಚ್ಛೇದಗಳು ಈ ದಂಡಯಾತ್ರೆಗೆ ಮೀಸಲಾಗಿವೆ. ಮುತ್ತಿಗೆ ಅಲ್ಲಿ ಒಂದು ಕಾರಣ ಮಾತ್ರ. ದೂತರು ಬರುತ್ತಾರೆ, ದೊರೆಯು ಲಂಕಾಪುರ ಎಂಬ ದಂಡನಾಯಕನಿಗೆ ಆಜ್ಞೆ ನೀಡುತ್ತಾನೆ, ಸೇನೆಯು ಮಹಾತೀರ್ಥದಲ್ಲಿರುವಾಗಲೇ ಪರಾಕ್ರಮ ಪಾಂಡ್ಯನು ಹೆಂಡತಿ ಮಕ್ಕಳೊಡನೆ ಹತನಾದ ಸುದ್ದಿ ತಲುಪುತ್ತದೆ. ರಾಜ್ಯವನ್ನು ಗೆದ್ದು ಅವನ ಸಂತತಿಗೆ ಒಪ್ಪಿಸತಕ್ಕದ್ದೆಂದು ಪರಾಕ್ರಮಬಾಹು ಮತ್ತೆ ಆಜ್ಞಾಪಿಸುತ್ತಾನೆ. ಕೋಟೆಯೊಳಗಿನ ದಿನಗಳ ಬಗೆಗೆ ಕವಿಗೆ ಕುತೂಹಲವಿಲ್ಲ. ಮುಂದೆ ರಾಮೇಶ್ವರದ ವಶ, ಕುಂದುಕಾಲದಲ್ಲಿ ಕಟ್ಟಿದ ಪರಾಕ್ರಮಪುರವೆಂಬ ಕೋಟೆ, ಶರಣಾದ ತಮಿಳು ಸಾಮಂತರ ದೀರ್ಘ ನಾಮಾವಳಿ, ಕೊನೆಗೆ ವೀರ ಪಾಂಡ್ಯನ ಪಟ್ಟಾಭಿಷೇಕ. ಗೆಲುವಿನ ನೆನಪಿಗೆ ಲಂಕೆಯಲ್ಲಿ ಪಂಡುವಿಜಯವೆಂಬ ಗ್ರಾಮವನ್ನು ನೆಲೆಗೊಳಿಸುವುದರೊಂದಿಗೆ ಕಥನ ನಿಲ್ಲುತ್ತದೆ. ಲಂಕಾಪುರನು ಏನಾದನೆಂಬ ಮಾತೇ ಇಲ್ಲ.

ಈ ಮೌನವನ್ನು ಸೋಲಿನ ಮರೆಮಾಚುವಿಕೆ ಎಂದು ವಿದ್ವಾಂಸರು ಗುರುತಿಸಿದ್ದು ಸರಿಯೇ. ಆದರೆ ಅದಕ್ಕಿಂತ ಮುಖ್ಯವಾದ ಸಂಗತಿಯೊಂದು ಅಷ್ಟು ಗಮನ ಪಡೆದಿಲ್ಲ. ಸೆರೆಸಿಕ್ಕ ತಮಿಳರನ್ನು ಲಂಕೆಗೆ ಕಳುಹಿಸಿ, ಹಿಂದೆ ತಮಿಳರಿಂದ ಹಾಳಾಗಿತ್ತೆನ್ನಲಾದ ಅನುರಾಧಪುರದ ರತ್ನಾವಳಿ ಚೈತ್ಯದ ಜೀರ್ಣೋದ್ಧಾರಕ್ಕೆ ಅವರನ್ನು ದುಡಿಸಲಾಯಿತೆಂದು ಕವಿ ಹೇಳುತ್ತಾನೆ. ಅವನ ಪಾಲಿಗೆ ಇದು ದೊರೆಯ ಪುಣ್ಯಕಾರ್ಯಗಳಲ್ಲಿ ಒಂದು. ಇತಿಹಾಸಕಾರನಿಗಾದರೋ ಈ ಯುದ್ಧದಲ್ಲಿ ಸಾಮಾನ್ಯರಿಗೆ ಏನಾಯಿತೆಂಬುದಕ್ಕೆ ಸಿಗುವ ವಿರಳ ಸಾಕ್ಷ್ಯ. ಹೊಗಳುವ ಭರದಲ್ಲಿ ಬಾಯಿತಪ್ಪಿ ಬಂದ ಇಂಥ ಮಾತುಗಳು ಘೋಷಿತ ವಿಜಯಗಳಿಗಿಂತ ಹೆಚ್ಚು ನಂಬಲರ್ಹ.

ಇನ್ನು ಶಾಸನಗಳು. ರಾಜಾಧಿರಾಜನ 5ನೆಯ ಆಳ್ವಿಕೆ ವರ್ಷದ ಆರ್ಪಾಕ್ಕಂ ಶಾಸನವು ಯುದ್ಧಭೂಮಿಯಿಂದ ಬಹುದೂರದ ಕಾಂಚೀಪುರ ಸೀಮೆಯದು. ಲಂಕೆಯ ಸೇನೆ ರಾಮೇಶ್ವರದ ಪೂಜೆ ನಿಲ್ಲಿಸಿ ಭಂಡಾರವನ್ನು ದೋಚಿತೆಂದು ಅದು ಹೇಳುತ್ತದೆ. ಭೀತನಾದ ಎದಿರಿಲಿಚೋಳ ಸಂಬುವರಾಯನು ಉಮಾಪತಿದೇವರೆಂಬ ಶೈವಾಚಾರ್ಯರನ್ನು ಆಶ್ರಯಿಸುತ್ತಾನೆ, ಅವರು 28 ದಿನ ಪೂಜೆ ನಡೆಸುತ್ತಾರೆ, ಬಳಿಕ ಶತ್ರು ದಂಡನಾಯಕರು ಸೋತ ವಾರ್ತೆ ಬರುತ್ತದೆ, ಆಚಾರ್ಯರಿಗೆ ಗ್ರಾಮದಾನವಾಗುತ್ತದೆ. ಇಲ್ಲಿ ಗೆಲುವು ಸೇನೆಯದಲ್ಲ, ಪೂಜೆಯದು. ಉತ್ಪ್ರೇಕ್ಷೆಗಳನ್ನು ಬದಿಗಿಟ್ಟರೂ ಆ ಭಯ ನಿಜವಾದದ್ದೆಂದು ನನಗೆ ತೋರುತ್ತದೆ.

8ನೆಯ ವರ್ಷದ ಪಲ್ಲವರಾಯನ್‌ಪೇಟ್ಟೈ ಶಾಸನದ ಧ್ವನಿ ಬೇರೆ. ಲಂಕಾಪುರ ದಂಡನಾಯಕ ಮತ್ತವನ ಸಂಗಡಿಗರ ತಲೆಗಳನ್ನು ಮಧುರೆಯ ಬಾಗಿಲುಗಳಿಗೆ ಜಡಿಸಲಾಯಿತೆಂಬ ಪ್ರಸಿದ್ಧ ವಿವರ ಬರುವುದು ಇಲ್ಲಿಯೇ. ಆದರೆ ಈ ಶಾಸನ ಯುದ್ಧದ ವರದಿಯಲ್ಲ. ಗತಿಸಿದ ಪೆರುಮಾನಂಬಿ ಪಲ್ಲವರಾಯನ ಸೇವೆಗಳನ್ನು ನೆನೆದು ಅವನ ಕುಟುಂಬದವರಿಗೆ ಭೂಮಿ ಬಿಟ್ಟ ದಾಖಲೆ. ಅಂಥ ಪತ್ರದಲ್ಲಿ ಸೇವೆ ದೊಡ್ಡದಾಗಿ ಕಾಣಲೇಬೇಕಷ್ಟೆ.

ಇದೇ ಶಾಸನದ ಮೊದಲ ಭಾಗವನ್ನು ಮಧುರೆಯ ಪ್ರಸಂಗದೊಡನೆ ಇಟ್ಟು ಓದಿದರೆ ವಿಚಿತ್ರವೊಂದು ಹೊಳೆಯುತ್ತದೆ. ಎರಡನೆಯ ರಾಜರಾಜನಿಗೆ ಪಟ್ಟಕ್ಕೆ ತಕ್ಕ ವಯಸ್ಸಿನ ಮಗನಿರಲಿಲ್ಲ. ಮಕ್ಕಳಿಗೆ ಒಂದು, ಎರಡು ವರ್ಷ. ಆದ್ದರಿಂದ ವಿಕ್ರಮ ಚೋಳನ ಮೊಮ್ಮಗನನ್ನು ಕರೆತಂದು ರಾಜಾಧಿರಾಜನೆಂದು ಪಟ್ಟಗಟ್ಟಲಾಯಿತು. ದೊರೆ ತೀರಿಕೊಂಡಾಗ ಆ ಕೂಸುಗಳನ್ನು ರಕ್ಷಿಸಿದವನು ಇದೇ ಪಲ್ಲವರಾಯ. ಅಂದರೆ ಪಾಂಡ್ಯರ ಪಟ್ಟ ಯಾರದೆಂದು ಸೇನೆ ಕಳುಹಿಸಿ ತೀರ್ಮಾನಿಸಹೊರಟ ಚೋಳರ ಪಟ್ಟವೇ ಮಂತ್ರಿಗಳ ಜಾಗರೂಕತೆಯಿಂದ ಉಳಿದಿತ್ತು. 12ನೆಯ ವರ್ಷದ ತಿರುವಾಲಂಗಾಡು ಶಾಸನವನ್ನು ಸೇರಿಸಿ ನೋಡಿದರೆ ಈ ನೋಟ ಇನ್ನಷ್ಟು ಗಟ್ಟಿಯಾಗುತ್ತದೆ. ಚೋಳರು ತಾವೇ ಗೆಲ್ಲಿಸಿದ ಕುಲಶೇಖರನು ಲಂಕೆಯ ಕಡೆ ವಾಲಿದೊಡನೆ ಅವನನ್ನು ಕೈಬಿಟ್ಟು, ಲಂಕೆಯವರು ಪಟ್ಟಗಟ್ಟಿದ್ದ ಅದೇ ವೀರ ಪಾಂಡ್ಯನನ್ನು ಎತ್ತಿಹಿಡಿದರು. ಪರಾಕ್ರಮಬಾಹುವಿನ ವಿರುದ್ಧವೂ ಅವನ ಸೋದರಳಿಯ ಶ್ರೀವಲ್ಲಭನನ್ನು ಬಳಸಿಕೊಂಡರು. ಯಾರ ಹಕ್ಕು ನ್ಯಾಯವಾದದ್ದೆಂಬ ಪ್ರಶ್ನೆಯನ್ನು ಎರಡೂ ಪಕ್ಷದವರು ಉಚ್ಚಕಂಠದಲ್ಲಿ ಎತ್ತಿದರು. ಉತ್ತರ ಮಾತ್ರ ಅನುಕೂಲದಂತೆ ಬದಲಾಯಿತು.

ಅಣ್ಣ ಸೋಮೇಶ್ವರನಿಂದ 1076ರಲ್ಲಿ ವಿಕ್ರಮಾದಿತ್ಯನು ಪಟ್ಟ ಕಿತ್ತುಕೊಂಡದ್ದನ್ನು ಬಿಲ್ಹಣನು ಶಿವನಾಜ್ಞೆಯಾಗಿಸಿದ ಬಗೆಯನ್ನು ಬಲ್ಲ ಕನ್ನಡ ಸಂಶೋಧಕರಿಗೆ ಇದು ಹೊಸತಲ್ಲ. ಬಿಲ್ಹಣನನ್ನು ಓದುವಾಗ ತೋರುವ ಎಚ್ಚರವನ್ನು ಶಾಸನಗಳ ಓದಿನಲ್ಲಿ ನಾವು ಸಡಿಲಿಸುತ್ತೇವೆ. ಕಲ್ಲಿನ ಮೇಲಿದ್ದ ಮಾತ್ರಕ್ಕೆ ಸ್ತುತಿ ಸಾಕ್ಷ್ಯವಾಗಿಬಿಡುತ್ತದೆ.

ಕೆ.ಎ. ನೀಲಕಂಠ ಶಾಸ್ತ್ರಿಗಳು ಎರಡೂ ಬಗೆಯ ಆಕರಗಳನ್ನು ಹೋಲಿಸಿ ಕಟ್ಟಿಕೊಟ್ಟ ಘಟನಾನುಕ್ರಮವೇ ಇಂದಿಗೂ ನಮಗೆ ಆಧಾರ. ತೊಂದರೆ ಇರುವುದು ಅದನ್ನು ಸಂಕ್ಷೇಪಿಸಿದ ನಂತರದವರಲ್ಲಿ. ಚೂಳವಂಸದ ಆರಂಭಕ್ಕೆ ಶಾಸನದ ಅಂತ್ಯವನ್ನು ಜೋಡಿಸಿದಾಗ ಪ್ರತಿಯೊಂದು ಆಕರವೂ ತನ್ನ ಪ್ರಯೋಜನಕ್ಕಾಗಿ ಎಲ್ಲಿ ಬಾಯಿ ತೆರೆದು ಎಲ್ಲಿ ಮುಚ್ಚಿತೆಂಬುದು ಅಳಿಸಿಹೋಗುತ್ತದೆ. ಪಾಲಿ ಕವಿಗೆ ಮಧುರೆಯು ಪಟ್ಟಾಭಿಷೇಕದ ವೇದಿಕೆ. ಪಲ್ಲವರಾಯನ ಶಾಸನಕ್ಕೆ ತಲೆ ಜಡಿಯುವ ಬಾಗಿಲು. ಬಾಗಿಲಿನ ಒಳಗೆ ನೆರವಿಗಾಗಿ ಕಾದು ಸತ್ತ ಪರಾಕ್ರಮ ಪಾಂಡ್ಯನ ಪಕ್ಷದಿಂದ ಈ ಎರಡರಲ್ಲೂ ಒಂದು ಸಾಲೂ ಇಲ್ಲ.