ಕರೆದಾಗ ಏಳುವ ಸರ್ವೀಸು

ಕಳೆದ ತಿಂಗಳು ರಾತ್ರಿ ಹತ್ತಕ್ಕೆ ಮಗಳಿಗೆ ಹಾಲ್‌ಟಿಕೆಟ್‌ನ ಪ್ರಿಂಟ್ ಬೇಕಾಯಿತು. ಮನೆಯ ಹಳೆಯ ಲಿನಕ್ಸ್ ಪೆಟ್ಟಿಗೆ ಜಪ್ಪಯ್ಯ ಅನ್ನಲಿಲ್ಲ. ತಪ್ಪು ನನ್ನದೇ. ಮೂರು ವಾರದ ಹಿಂದೆ ಕಪ್ಸ್ ಎಂಬ ಪ್ರಿಂಟಿಂಗ್ ಸರ್ವೀಸಿನ ಕಾನ್ಫಿಗ್ ಫೈಲಿಗೆ ಕೈಹಾಕಿ ಒಂದು ಸಾಲು ಕೆಡಿಸಿಟ್ಟಿದ್ದೆ. ಆಮೇಲೆ ನಾಲ್ಕು ಸಲ ಬೂಟ್ ಆಗಿತ್ತು. ನಾಲ್ಕು ಸಲವೂ ಪರದೆಯ ಮೇಲೆ ಎಲ್ಲ ಹಸಿರು. ಕಪ್ಸ್ ಎದ್ದಿದ್ದರೆ ತಾನೆ ಬೀಳುವುದು? ಯಾರಾದರೂ ಕೇಳಿದರೆ ಮಾತ್ರ ಏಳಲಿ ಎಂದು ಅದನ್ನು ಮಲಗಿಸಿದವನೂ ನಾನೇ.

ಈ ಸೋಮಾರಿತನ ಹಳೆಯದು. 1986ರ 4.3 ಬಿಎಸ್‌ಡಿ ಯೂನಿಕ್ಸ್‌ನಲ್ಲೇ ಐನೆಟ್‌ಡಿ ಇತ್ತು. ಟೆಲ್ನೆಟ್, ಎಫ್‌ಟಿಪಿ, ಫಿಂಗರ್ ಎಲ್ಲದರ ಪೋರ್ಟುಗಳನ್ನೂ ಅದೊಂದೇ ಕಾಯುತ್ತ ಕೂತು, ಯಾರಾದರೂ ಬಂದಾಗ ಆಯಾ ಪ್ರೋಗ್ರಾಮನ್ನು ಎಬ್ಬಿಸುತ್ತಿತ್ತು. ಅದರ ಕಾನ್ಫಿಗ್ ಸಾಲಿನಲ್ಲಿ ‘ವೆಯ್ಟ್’ ಅಥವಾ ‘ನೋವೆಯ್ಟ್’ ಎಂಬ ಒಂದು ಪದ ಬರುತ್ತದೆ. ನೋವೆಯ್ಟ್ ಅಂದರೆ ಬಂದ ಪ್ರತಿ ಕನೆಕ್ಷನ್ನಿಗೂ ಹೊಸ ಪ್ರೊಸೆಸ್. ವೆಯ್ಟ್ ಅಂದರೆ ಸಾಕೆಟ್ಟನ್ನೇ ಪ್ರೋಗ್ರಾಮಿನ ಕೈಗೊಪ್ಪಿಸಿ, ಅದು ಮುಗಿಸುವ ತನಕ ತಾನು ಸುಮ್ಮನಿರುವುದು. ಇಂದಿನ ಲಿನಕ್ಸ್‌ನಲ್ಲಿ ಸರ್ವೀಸುಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ‘ಆಕ್ಸೆಪ್ಟ್=ಯೆಸ್’, ‘ಆಕ್ಸೆಪ್ಟ್=ನೋ’ ಹೆಚ್ಚುಕಡಿಮೆ ಅದೇ ಆಯ್ಕೆ, ಹೆಸರು ಬೇರೆ.

2005ರಲ್ಲಿ ಆ್ಯಪಲ್‌ನ ಟೈಗರ್ ಜೊತೆ ಬಂದ ಲಾಂಚ್‌ಡಿ, 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಮುಂದಿಟ್ಟ ಸಿಸ್ಟಮ್‌ಡಿ ಈ ಹಳೆಯ ಉಪಾಯವನ್ನು ಮಗ್ಗುಲು ಬದಲಿಸಿ ನೋಡಿದವು. ನನಗೆ ರುಚಿಸುವುದು ಆ ಮಗ್ಗುಲೇ. ಬೂಟ್ ಶುರುವಾದ ಕೂಡಲೇ ಎಲ್ಲರ ಸಾಕೆಟ್ಟುಗಳನ್ನೂ ತೆರೆದುಬಿಡು. ಸರ್ವೀಸುಗಳು ಆಮೇಲೆ ತಮ್ಮ ಪಾಡಿಗೆ ಏಳಲಿ. ಸಿಸ್‌ಲಾಗ್ ಇನ್ನೂ ಕಣ್ಣುಜ್ಜುತ್ತಿರುವಾಗಲೇ ಬೇರೆಯವರು ಬರೆದ ಸಂದೇಶಗಳನ್ನು ಕರ್ನಲ್ ತನ್ನ ಬಫರಿನಲ್ಲಿ ಹಿಡಿದಿಟ್ಟಿರುತ್ತದೆ. ಬಫರ್ ತುಂಬಿದರೆ ಬರೆಯುವವನು ತುಸು ಕಾಯುತ್ತಾನೆ, ಅಷ್ಟೇ. ಯಾರ ಹಿಂದೆ ಯಾರು ಏಳಬೇಕು ಎಂಬ ಪಟ್ಟಿಯ ಬಹುಪಾಲು ಇದರಿಂದ ಬೇಡವಾಯಿತು. ಎದ್ದ ಸರ್ವೀಸಿಗೆ ತೆರೆದ ಸಾಕೆಟ್ಟು 3ನೇ ಫೈಲ್ ಡಿಸ್ಕ್ರಿಪ್ಟರ್ ಆಗಿ ಸಿಗುತ್ತದೆ. 0, 1, 2 ಮೊದಲೇ ಹಂಚಿಹೋಗಿವೆಯಲ್ಲ. ಸರ್ವೀಸ್ ನಡುವೆ ಸತ್ತು ಮತ್ತೆ ಎದ್ದರೂ ಸಾಲಿನಲ್ಲಿ ಕಾದವರು ಹಾಗೇ ಇರುತ್ತಾರೆ. ಮೆಮೊರಿ ಉಳಿತಾಯ ಇದರ ಮುಂದೆ ಚಿಲ್ಲರೆ ಲಾಭ.

ಆ ಸಾಕೆಟ್ಟನ್ನು ಪಿಐಡಿ 1, ಅಂದರೆ ಎಲ್ಲಕ್ಕಿಂತ ಮೊದಲು ಏಳುವ ಪ್ರೊಸೆಸ್ಸೇ, ಯಾಕೆ ಹಿಡಿದಿರಬೇಕು ಎಂಬ ತಕರಾರೂ ಇದೆ. ಅದು ಬಿದ್ದರೆ ಕರ್ನಲ್ಲೇ ಪ್ಯಾನಿಕ್ ಆಗುತ್ತದೆ. ಲಾರೆಂಟ್ ಬೆರ್ಕೊ ತಮ್ಮ ಎಸ್6 ಎಂಬ ಇಂಥದ್ದೇ ಸಲಕರಣೆಯಲ್ಲಿ ಈ ಕೆಲಸಕ್ಕೆ ಬೇರೆಯೇ ಪುಟ್ಟ ಪ್ರೋಗ್ರಾಮ್ ಇಟ್ಟಿದ್ದಾರೆ. ನನ್ನ ಮತ ಅವರಿಗೆ. ಮನೆಯಲ್ಲಿ ಓಡುತ್ತಿರುವುದು ಮಾತ್ರ ಸಿಸ್ಟಮ್‌ಡಿ.

ಸಾಕೆಟ್ಟು ಇನ್ನೊಬ್ಬರ ಕೈಯಲ್ಲಿದ್ದರೆ ಅದರ ವಿಳಾಸವೂ ಅವರ ಬಳಿಯೇ ಇರುತ್ತದೆ ಎಂಬುದನ್ನು ಜನ ಮರೆಯುತ್ತಾರೆ. ಉಬುಂಟು 22.10ರಲ್ಲಿ ಎಸ್‌ಎಸ್‌ಎಚ್ ಕೂಡ ಕರೆದಾಗ ಏಳುವ ಸಾಲಿಗೆ ಸೇರಿತು. ಆಗ ಹಳೆಯ ಅಭ್ಯಾಸದಂತೆ ಎಸ್‌ಎಸ್‌ಎಚ್‌ಡಿಯ ಕಾನ್ಫಿಗ್ ಫೈಲಿನಲ್ಲಿ ಪೋರ್ಟ್ ಬದಲಿಸಿದರೆ ಏನೂ ಆಗುತ್ತಿರಲಿಲ್ಲ, ಸಿಸ್ಟಮ್‌ಡಿಯ ಸಾಕೆಟ್ ಯೂನಿಟ್ ಎಂಬ ಫೈಲಿನಲ್ಲಿ ಬದಲಿಸಬೇಕಿತ್ತು. ದೂರದಲ್ಲಿರುವ ಯಂತ್ರಕ್ಕೆ ಎಸ್‌ಎಸ್‌ಎಚ್ ಒಂದೇ ಬಾಗಿಲು. ಅಂಥದ್ದನ್ನು ನಾನು ಬೂಟಿನಲ್ಲೇ ಎಬ್ಬಿಸಿಡುತ್ತೇನೆ. ಡೇಟಾಬೇಸೂ ಅಷ್ಟೆ. ವಾರಕ್ಕೊಮ್ಮೆ ಕೆಲಸ ಬೀಳುವ ಪ್ರಿಂಟರಿನ ಸರ್ವೀಸು ಮಲಗಿರಲಿ.

ಮಲಗಿದವರ ಜ್ವರ ಏಳುವ ತನಕ ಗೊತ್ತಾಗುವುದಿಲ್ಲ ಎಂಬ ಸಮಸ್ಯೆ ಉಳಿಯಿತು. ಅದಕ್ಕೆ ಹಾಲ್‌ಟಿಕೆಟ್ ಪ್ರಸಂಗದ ಮರುದಿನವೇ ನಾಲ್ಕು ಸಾಲಿನ ಒಂದು ಯೂನಿಟ್ ಬರೆದೆ. ಬೂಟಿನಲ್ಲಿ ಈಗಲೂ ಕಪ್ಸ್ ಏಳುವುದಿಲ್ಲ. ‘ಕಪ್ಸ್‌ಡಿ -ಟಿ’ ಮಾತ್ರ ಒಮ್ಮೆ ಓಡಿ, ಕಾನ್ಫಿಗ್ ಫೈಲನ್ನು ಓದಿ, ತಪ್ಪಿದ್ದರೆ ಕೆಂಪಗಾಗುತ್ತದೆ.