ಸಿತಾರ್ ಸುಮ್ಮನಿದ್ದ ಹೊತ್ತು

ಸಿತಾರ್ ಕೇಳಿದೊಡನೆ ಇಲ್ಲಿನ ನೆರೆಹೊರೆಯವರಿಗೆ ಏನು ನೆನಪಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಯೋಗ, ಊದುಬತ್ತಿ, ಬಫೆಯಲ್ಲಿ ನಾನ್ ಮತ್ತು ಪನೀರ್! ಅವರ ಮಾತು ಬಿಡಿ, ಅಮೆರಿಕಾದಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ಅದೇ ನೆನಪಾಗುತ್ತದಲ್ಲ, ಬೇಸರ ಅದಕ್ಕೆ. ಒಮ್ಮೆ ವಿಲಾಯತ್ ಖಾನರ ಆಲಾಪ ಹಾಕಿಕೊಂಡು ಕೂತಿದ್ದಾಗ, ಹೈಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳು "ಅಂಕಲ್, ಮಸಾಜ್ ಮಾಡೋ ಕಡೆ ಹಾಕ್ತಾರಲ್ಲ, ಅದೇನಾ ಇದು?" ಎಂದು ಮುಗ್ಧವಾಗಿ ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ.

ಇದರಲ್ಲಿ ಅರ್ಧ ಪಾಪ ನಮ್ಮ ಸಿನಿಮಾದ್ದು, ಇನ್ನರ್ಧ ಫ್ಯೂಷನ್ ಎಂಬ ಹೆಸರಿನಲ್ಲಿ ಬಂದ ರಾಶಿ ರಾಶಿ ಸಿ.ಡಿ.ಗಳದ್ದು. ನಾಯಕಿಯ ಕಣ್ಣಂಚಿನಲ್ಲಿ ನೀರು ಕಂಡರೆ ಸಾಕು, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಸಿತಾರಿನ ತರಪ್ ತಂತಿಗಳು ಒಮ್ಮೆ ಝಲ್ಲೆನ್ನಬೇಕು. ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. 'ಕೊಹಿನೂರ್' (1960) ಚಿತ್ರಕ್ಕೆ ಅಬ್ದುಲ್ ಹಲೀಂ ಜಾಫರ್ ಖಾನ್ ನುಡಿಸಿದ್ದನ್ನು, 'ಮೇರಾ ಸಾಯಾ'ದಲ್ಲಿ (1966) ಮದನ್ ಮೋಹನರಿಗಾಗಿ ರಯೀಸ್ ಖಾನ್ ನುಡಿಸಿದ್ದನ್ನು ಯಾರು ಮರೆತಾರು? ಅಲ್ಲಿ ಸಿತಾರ್ ಹಾಡಿನ ಜೊತೆ ಸಂಸಾರ ಮಾಡುತ್ತದೆ.

ಆದರೆ ನಾವು ಮತ್ತೆ ಮತ್ತೆ ಮರಳುವುದು 'ಪಥೇರ್ ಪಾಂಚಾಲಿ'ಗೆ (1955). ಸತ್ಯಜಿತ್ ರಾಯ್ ಮೊದಲ ಚಿತ್ರ ಮಾಡುತ್ತಿದ್ದರು, ರವಿಶಂಕರ್‌ಗೆ ಇದ್ದ ಬಿಡುವು ಅತ್ಯಲ್ಪ. ಅರ್ಧ ಚಿತ್ರವನ್ನಷ್ಟೇ, ಅದೂ ಕಚ್ಚಾ ಸಂಕಲನದಲ್ಲಿ ನೋಡಿ, ಸುಮಾರು ಹನ್ನೊಂದು ತಾಸಿನ ಒಂದೇ ರಾತ್ರಿಯ ಕೂಟದಲ್ಲಿ ಸಂಗೀತದ ಬಹುಪಾಲನ್ನು ಮುಗಿಸಿದರು. ಮುಖ್ಯ ಧಾಟಿ ಬಿದಿರಿನ ಕೊಳಲಿನದು. ಸಿತಾರಿಗೆಂದು ಎರಡು ತುಣುಕು ರಚಿಸಿದರು, ಮಳೆಗೆ ಹೇಳಿ ಮಾಡಿಸಿದಂಥ ದೇಶ್ ರಾಗದಲ್ಲೊಂದು, ತೋಡಿಯಲ್ಲಿ ಗಂಭೀರವಾದದ್ದೊಂದು. ಅಂದ ಹಾಗೆ ಈ ಚಿತ್ರದಲ್ಲಿ ಕೇಳುವ ಸಿತಾರೆಲ್ಲ ರವಿಶಂಕರರದಲ್ಲ. ಕೆಲವು ಭಾಗ ನುಡಿಸಿದವರು ಛಾಯಾಗ್ರಾಹಕ ಸುಬ್ರತ ಮಿತ್ರ!

ಇಷ್ಟೆಲ್ಲ ಹೇಳಿದ್ದು ಒಂದು ದೃಶ್ಯಕ್ಕಾಗಿ. ಬಹುದಿನಗಳ ಮೇಲೆ ಮನೆಗೆ ಮರಳಿದ ಹರಿಹರ, ತಂದ ಸಾಮಾನುಗಳನ್ನು ಒಂದೊಂದಾಗಿ ತೆಗೆದು ತೋರಿಸುತ್ತಾನೆ. ಕೊನೆಗೆ ಮಗಳು ದುರ್ಗಾಳಿಗೆಂದು ತಂದ ಸೀರೆ. ದುರ್ಗಾ ಇಲ್ಲ ಎಂಬುದು ಅವನಿಗೆ ಗೊತ್ತಿಲ್ಲ. ಸರ್ವಜಯಾ ಸೀರೆಯನ್ನು ಹಿಡಿದು ಕುಸಿಯುತ್ತಾಳೆ. ಅವಳ ಬಾಯಿ ತೆರೆಯುತ್ತದೆ, ಅಳು ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶೆಹನಾಯಿಯ ತಾರಸ್ಥಾಯಿಯ ಸ್ವರಗಳು ಏಳುತ್ತವೆ. ಪಟದೀಪ್ ರಾಗ, ನುಡಿಸಿದವರು ದಕ್ಷಿಣಾಮೋಹನ್ ಟ್ಯಾಗೋರ್. ಸಿತಾರಿನ ಮಹಾ ವಿದ್ವಾಂಸನೊಬ್ಬ ಚಿತ್ರದ ಅತಿ ದೊಡ್ಡ ಗಳಿಗೆಯಲ್ಲಿ ತನ್ನ ವಾದ್ಯವನ್ನು ಸುಮ್ಮನಿರಿಸಿದ್ದಾನೆ. ಮೀಟಿದ ತಂತಿಯ ನಾದ ಇಳಿಯುತ್ತಾ ಹೋಗುತ್ತದೆ. ಆ ತಾಯಿಯ ಕೂಗಿಗೆ ಬೇಕಾದದ್ದು ಕಮಾನು ಎಳೆದಷ್ಟೂ ಏರುವ ನಾದ. ಅದನ್ನು ಅರಿತದ್ದೇ ಈ ಚಿತ್ರದಲ್ಲಿ ರವಿಶಂಕರ್ ಮಾಡಿದ ಅತ್ಯುತ್ತಮ ಕೆಲಸ ಎಂದು ನಮ್ಮ ಅಭಿಪ್ರಾಯ.

ರಾಯ್ ಆಮೇಲೆ 'ಜಲ್ಸಾಘರ್'ಗೆ (1958) ವಿಲಾಯತ್ ಖಾನರನ್ನು, 'ದೇವಿ'ಗೆ (1960) ಅಲಿ ಅಕ್ಬರ್ ಖಾನರನ್ನು ಕರೆದರು. 1961ರ 'ತೀನ್ ಕನ್ಯಾ'ದಿಂದ ತಾವೇ ಸಂಗೀತಕ್ಕೆ ಕೂತರು. ದಿಗ್ಗಜರಿಗೆ ರಾಗದ ಮೇಲೆ ಮಮತೆ, ನಿರ್ದೇಶಕನಿಗೆ ಸ್ಟಾಪ್‌ವಾಚ್ ಮೇಲೆ. ಎಷ್ಟು ದಿನ ಬಾಳ್ವೆ ನಡೆದೀತು!

ಈಗ ಫ್ಯೂಷನ್ ವಿಚಾರ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1965ರಲ್ಲಿ ಸಿತಾರ್ ಹಿಡಿದದ್ದರಿಂದಲೇ ಎಲ್ಲ ಶುರುವಾಯಿತು ಎಂದು ಇಲ್ಲಿ ಹಲವರು ತಿಳಿದಿದ್ದಾರೆ. ಅದಕ್ಕೂ ಮೊದಲೇ, 1962ರಲ್ಲಿ, ರವಿಶಂಕರರ 'ಇಂಪ್ರೊವೈಸೇಷನ್ಸ್' ಎಂಬ ರೆಕಾರ್ಡು ಹೊರಬಂದಿತ್ತು. ಜಾಝ್ ವಾದಕ ಬಡ್ ಶ್ಯಾಂಕ್ ಅದರಲ್ಲಿ ಕೊಳಲು ನುಡಿಸಿದ್ದಾರೆ. ಮೊದಲ ತುಣುಕು ಯಾವುದು ಗೊತ್ತೆ? 'ಪಥೇರ್ ಪಾಂಚಾಲಿ'ಯ ಅದೇ ಧಾಟಿ! 1961ರಲ್ಲಿ ಲಾಸ್ ಏಂಜಲಿಸ್ಸಿನ ಬೆಲ್ ಏರ್ ಗುಡ್ಡಗಳಿಗೆ ಬೆಂಕಿ ಬಿದ್ದದ್ದನ್ನು ನೆನೆದು ರಚಿಸಿದ 'ಫೈರ್ ನೈಟ್' ಕೂಡ ಅಲ್ಲಿದೆ. 'ಕರ್ನಾಟಕಿ' ಎಂಬ ಹೆಸರಿನ ಒಂದು ತುಣುಕೂ ಇದೆ. ಹೆಸರು ನೋಡಿ ನಮ್ಮ ಎದೆ ಉಬ್ಬಿದ್ದು ನಿಜ. ಅದು ನಾಡಿನ ಹೆಸರಲ್ಲ, ದಕ್ಷಿಣಾದಿ ಸಂಗೀತದಿಂದ ಪಡೆದ ಕೀರವಾಣಿ ರಾಗಕ್ಕೆ ಸಂದ ಗೌರವ. ಉಬ್ಬಿದ ಎದೆಯನ್ನು ನಾವೇನೂ ಇಳಿಸಿಕೊಂಡಿಲ್ಲ.

1990ರ 'ಪ್ಯಾಸೇಜಸ್' ನಮಗೆ ಇನ್ನೂ ಇಷ್ಟ. ಫಿಲಿಪ್ ಗ್ಲಾಸ್ ಕೊಟ್ಟ ಧಾಟಿಯನ್ನು ರವಿಶಂಕರ್ ಬೆಳೆಸುತ್ತಾರೆ, ರವಿಶಂಕರ್ ಕೊಟ್ಟದ್ದನ್ನು ಗ್ಲಾಸ್. ಇವರಿಬ್ಬರ ಪರಿಚಯವೂ ಆದದ್ದು ಸಿನಿಮಾದಿಂದಲೇ. 1960ರ ದಶಕದ ಮಧ್ಯದಲ್ಲಿ ಪ್ಯಾರಿಸ್ಸಿನಲ್ಲಿ, 'ಚಪಾಕ್ವಾ' ಎಂಬ ಚಿತ್ರಕ್ಕೆ ರವಿಶಂಕರ್ ಕಟ್ಟುತ್ತಿದ್ದ ಸಂಗೀತವನ್ನು ಪಾಶ್ಚಾತ್ಯ ವಾದಕರಿಗಾಗಿ ಅವರ ಲಿಪಿಗೆ ಇಳಿಸುವ ಕೆಲಸ ತರುಣ ಗ್ಲಾಸ್‌ಗೆ ಸಿಕ್ಕಿತ್ತು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಅರ್ಥವಾಗಲೇಬೇಕಿದ್ದ ಸಂದರ್ಭ ಅದು.

ಈ ಒತ್ತಾಯ ಇಲ್ಲದ ಕಡೆ ಫ್ಯೂಷನ್ ಎಂದರೆ ಬೀಗರ ಉಪಚಾರ. "ನೀವು ಮೊದಲು", "ಛೆ ಛೆ, ನೀವೇ ಮೊದಲು" ಎನ್ನುತ್ತಾ ಊಟ ಆರಿಹೋಗುತ್ತದೆ. ಅನುಷ್ಕಾ ಶಂಕರ್ ಮತ್ತು ಕರ್ಷ್ ಕಾಳೆ ಕೂಡಿ ಮಾಡಿದ 'ಬ್ರೀದಿಂಗ್ ಅಂಡರ್ ವಾಟರ್' (2007) ಕೇಳುವಾಗ ನಮಗೆ ಹಾಗೇ ಅನ್ನಿಸಿತು. ಸ್ಟಿಂಗ್ ಇದ್ದಾರೆ, ನೋರಾ ಜೋನ್ಸ್ ಇದ್ದಾರೆ, ಸ್ವತಃ ರವಿಶಂಕರ್ ಇದ್ದಾರೆ, ಧ್ವನಿಮುದ್ರಣ ಬಲು ಚೊಕ್ಕ. ಯಾರೂ ಯಾರಿಗೂ ಏನನ್ನೂ ಬಿಟ್ಟುಕೊಡಬೇಕಾಗಿ ಬಂದಂತಿಲ್ಲ. ಅನುಷ್ಕಾರ ಕೈಯಲ್ಲಿ ನಾದವಿದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಎರಡು ವರ್ಷ ಮೊದಲು ಬಂದ 'ರೈಸ್' ಕೇಳಿದವರಿಗೆ ಅದನ್ನು ಹೇಳಬೇಕಿಲ್ಲ.

ಕನ್ನಡಕ್ಕೆ ಬಂದರೆ ಭಾಸ್ಕರ್ ಚಂದಾವರ್ಕರ್ ನೆನಪಾಗುತ್ತಾರೆ. ಸಿತಾರ್ ವಾದಕರು, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಿದವರು, 'ವಂಶವೃಕ್ಷ', 'ತಬ್ಬಲಿಯು ನೀನಾದೆ ಮಗನೆ', 'ಒಂದಾನೊಂದು ಕಾಲದಲ್ಲಿ' ಚಿತ್ರಗಳಿಗೆ ಸಂಗೀತ ಕೊಟ್ಟವರು. ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಚಿತ್ರವನ್ನು ನೆನೆದರೆ ಕಿವಿಯಲ್ಲಿ ಗುಂಯ್‌ಗುಡುವುದು ಚಂದ್ರಶೇಖರ ಕಂಬಾರರ ಮಾತಿಗೆ ಒದಗಿದ ಆ ಜಾನಪದದ ದನಿ. ಸಂಗೀತ ಕೊಟ್ಟವರ ಕೈಯಲ್ಲಿದ್ದ ವಾದ್ಯ ಯಾವುದೆಂದು ಆ ಹಾಡು ಕೇಳಿದವರಿಗೆ ಸುಳಿವೂ ಹತ್ತುವುದಿಲ್ಲ.

ಆ ಹುಡುಗಿಗೆ ಮುಂದಿನ ಸಲ 'ಪಥೇರ್ ಪಾಂಚಾಲಿ'ಯನ್ನೇ ತೋರಿಸಬೇಕೆಂದಿದ್ದೇವೆ. ಸಬ್‌ಟೈಟಲ್ ಇದೆ. ಸೀರೆಯ ದೃಶ್ಯಕ್ಕೆ ಅದೂ ಬೇಕಾಗಿಲ್ಲ.