ಸೂಕ್ತ ಅಭ್ಯರ್ಥಿ ದೊರೆಯಲಿಲ್ಲ

ನಮ್ಮ ವಿಮರ್ಶಕರು ಮುಟ್ಟಲೊಲ್ಲದ ಒಂದು ಸಾಹಿತ್ಯ ಪ್ರಕಾರ ಇದೆ. ಅದು ವಿಶ್ವವಿದ್ಯಾಲಯಗಳ ನೇಮಕಾತಿ ಪ್ರಕಟಣೆ. ಅದರ ಕೊನೆಯ ಅಧ್ಯಾಯದಲ್ಲಿ ಎಷ್ಟೋ ಸಲ ಮೂರೇ ಪದ: ಸೂಕ್ತ ಅಭ್ಯರ್ಥಿ ದೊರೆಯಲಿಲ್ಲ. ಕವಿತೆಯ ಒಂದೊಂದು ಪದವನ್ನೂ ಬಿಡಿಸಿ ಓದುವುದನ್ನು ನವ್ಯದವರು ಕಲಿಸಿದರಲ್ಲ, ಆ ವಿದ್ಯೆಯನ್ನ ಇಲ್ಲಿ ಬಳಸೋಣ. ದೊರೆಯಲಿಲ್ಲ, ಯಾರಿಗೆ? ವಾಕ್ಯದಲ್ಲಿ ಇಲ್ಲ. ಹುಡುಕಿದವರು ಯಾರು, ಎಲ್ಲಿ ಹುಡುಕಿದರು? ಅದೂ ಇಲ್ಲ. ತಪ್ಪೆಲ್ಲ ದೊರೆಯದೇ ಹೋದವನ ತಲೆ ಮೇಲೆ.

ನಾವು ಜೀವಶಾಸ್ತ್ರವನ್ನೇ ಎತ್ತಿಕೊಂಡಿದ್ದೇವೆ. ಯಾಕಂದ್ರೆ ರಕ್ತದಲ್ಲಿ ಮೇಲುಕೀಳು ಇಲ್ಲ ಅಂತ ಪುರಾವೆ ಸಮೇತ ಹೇಳಬಲ್ಲ ಶಾಸ್ತ್ರ ಅದು. ಹಳ್ಳಿಯ ಮೇಷ್ಟ್ರುಗಳು ಕರಿಹಲಗೆ ಮೇಲೆ ಜೀವಕೋಶದ ಚಿತ್ರ ಬರೆದು ಅದನ್ನೇ ಕಲಿಸ್ತಾರೆ. ಆ ಶಾಸ್ತ್ರ ಕಲಿಸೋಕೆ ಸಹಾಯಕ ಪ್ರಾಧ್ಯಾಪಕರನ್ನು ಆರಿಸುವಾಗ ಏನಾಗುತ್ತೆ?

ಮೊದಲು ಲೆಕ್ಕ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ನೇಮಕಾತಿ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟ್ 2017ರ ಏಪ್ರಿಲ್‌ನಲ್ಲಿ ಒಂದು ಮಾತು ಹೇಳಿತು: ಮೀಸಲಾತಿ ಎಣಿಸಲು ಇಡೀ ವಿಶ್ವವಿದ್ಯಾಲಯ ಒಂದು ಘಟಕವಲ್ಲ, ಒಂದೊಂದು ವಿಭಾಗವೂ ಒಂದೊಂದು ಘಟಕ. 2018ರ ಮಾರ್ಚ್ 5ರಂದು ಯುಜಿಸಿ ಅದನ್ನೇ ಆದೇಶ ಮಾಡಿತು. ವಿಭಾಗ ಚಿಕ್ಕದಾದರೆ 13 ಬಿಂದುಗಳ ರೋಸ್ಟರ್. ಅದರ ಪ್ರಕಾರ 4ನೇ ಹುದ್ದೆ ಹಿಂದುಳಿದವರಿಗೆ, 7ನೆಯದು ಪರಿಶಿಷ್ಟ ಜಾತಿಗೆ, 14ನೆಯದು ಪರಿಶಿಷ್ಟ ಪಂಗಡಕ್ಕೆ. ಹದಿಮೂರರ ಪಟ್ಟಿಯಲ್ಲಿ ಹದಿನಾಲ್ಕನೆಯ ಸರದಿ! ಇದಕ್ಕಿಂತ ದೊಡ್ಡ ಅಸಂಗತ ನಾಟಕವನ್ನು ನಮ್ಮ ನಾಟಕಕಾರರೂ ಬರೆಯಲಿಲ್ಲ.

ಜೀವಶಾಸ್ತ್ರವೋ ಪಾಲಾದ ಮನೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ. ಒಂದೊಂದರಲ್ಲೂ ನಾಲ್ಕು ಹುದ್ದೆ ಅಂತಿಟ್ಕೊಳ್ಳಿ. ಒಟ್ಟಿಗೆ ಎಣಿಸಿದರೆ 20, ಶೇ. 15ರಂತೆ ಪರಿಶಿಷ್ಟ ಜಾತಿಗೆ 3, ಶೇ. 7.5ರಂತೆ ಪಂಗಡಕ್ಕೆ 1. ಬೇರೆ ಬೇರೆ ಎಣಿಸಿದರೆ ಯಾವ ವಿಭಾಗದಲ್ಲೂ ಎಣಿಕೆ ಏಳನ್ನು ಮುಟ್ಟೋದೇ ಇಲ್ಲ. ಸೊನ್ನೆ, ಸೊನ್ನೆ. ಯಾರನ್ನೂ ಬೈಯಲಿಲ್ಲ, ಹೊಡೆಯಲಿಲ್ಲ, ನಡುವೆ ಗೋಡೆ ಎಬ್ಬಿಸಿದರು ಅಷ್ಟೆ.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಸರ್ಕಾರದ ಮೇಲ್ಮನವಿಯನ್ನು ತಳ್ಳಿಹಾಕಿತು. ಮಾರ್ಚ್ 5ರಂದು ಜನ ಭಾರತ ಬಂದ್ ಮಾಡಿದರು. ಎರಡೇ ದಿನಕ್ಕೆ ಸುಗ್ರೀವಾಜ್ಞೆ ಬಂತು, ಜುಲೈನಲ್ಲಿ ಕಾನೂನಾಯಿತು: ಕೇಂದ್ರದ ವಿದ್ಯಾಸಂಸ್ಥೆಗಳಲ್ಲಿ ಮತ್ತೆ ಇಡೀ ಸಂಸ್ಥೆಯೇ ಘಟಕ. ಬೀದಿ ಗೆದ್ದಿತು. ಆದರೆ ಆ ಕಾನೂನಿನ ಕೊನೆಯ ಪುಟ ಓದಿ. ಎಂಟು ಸಂಸ್ಥೆಗಳ ಅನುಸೂಚಿ ಇದೆ. ಅವಕ್ಕೆ ಈ ಕಾನೂನು ಅನ್ವಯಿಸೋದಿಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಅದರಲ್ಲಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಇದೆ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಅದರದೇ ಅಂಗ. ಜೀವಶಾಸ್ತ್ರದ ಗರ್ಭಗುಡಿಗಳಿಗೆ ಹೀಗೆ ವಿನಾಯಿತಿ ಸಿಕ್ಕಿತು. ಕಾರಣ, ಅವು ಶ್ರೇಷ್ಠತೆಯ ಸಂಸ್ಥೆಗಳಂತೆ. ನಾವು ಬಂದರೆ ಶ್ರೇಷ್ಠತೆಗೆ ಮೈಲಿಗೆ ಅಂತ ಕಾನೂನಿನ ಭಾಷೆಯಲ್ಲಿ ಬರೆಯುವ ಬಗೆ ಇದು.

ಹುದ್ದೆ ಮೀಸಲಾಗಿದ್ದರೂ ಮುಗೀಲಿಲ್ಲ. 2018ರ ಯುಜಿಸಿ ನಿಯಮದಲ್ಲಿ ನೂರು ಅಂಕದ ಪಟ್ಟಿ ಇತ್ತು. ಪಿಎಚ್‌ಡಿಗೆ 30, ಸಂಶೋಧನಾ ಲೇಖನಗಳಿಗೆ ಹೆಚ್ಚೆಂದರೆ 10, ಪಾಠದ ಅಥವಾ ಪೋಸ್ಟ್‌ಡಾಕ್ ಅನುಭವಕ್ಕೆ 10. ಈ ಅಂಕ ಸಂದರ್ಶನಕ್ಕೆ ಕರೆಯಲು ಮಾತ್ರ. ಆಯ್ಕೆ ಬರೀ ಸಂದರ್ಶನದ ಮೇಲೆ. ಇಪ್ಪತ್ತು ವರ್ಷ ಓದಿ ಗಳಿಸಿದ್ದು ಬಾಗಿಲ ತನಕ ಬಂದು ಚಪ್ಪಲಿ ಜೊತೆ ಹೊರಗೇ ಉಳೀತು. ಒಳಗೆ ಕೂರುವವರಲ್ಲಿ ಕುಲಪತಿ, ವಿಷಯ ತಜ್ಞರು. ನಮ್ಮವರೊಬ್ಬರು ಇರಬೇಕೆಂಬ ನಿಯಮವೂ ಇತ್ತು, ಅವರನ್ನು ಹೆಸರಿಸುವವರು ಮಾತ್ರ ಕುಲಪತಿಯೇ.

ಅಲ್ಲಿ ಕೇಳುವುದಾದರೂ ಏನು? ಯಾರ ಲ್ಯಾಬು, ಯಾವ ಜರ್ನಲ್ಲು, ವಿದೇಶದಲ್ಲಿ ಪೋಸ್ಟ್‌ಡಾಕ್ ಆಗಿದೆಯೇ. ಗಣಿತದವನಿಗೆ ಕಾಗದ ಪೆನ್ಸಿಲ್ಲು ಇದ್ದರೂ ಒಂದಷ್ಟು ನಡೆದೀತು. ಜೀವಶಾಸ್ತ್ರಕ್ಕೆ ಕಿಣ್ವ ಬೇಕು, ರಾಸಾಯನಿಕ ಬೇಕು, ಮೈನಸ್ 80 ಡಿಗ್ರಿಯ ಫ್ರೀಜರ್ ಬೇಕು. ಕರೆಂಟು ಹೋಗಿ ಜನರೇಟರೂ ಇಲ್ಲದಿದ್ದರೆ ಒಂದು ವರ್ಷದ ಕೆಲಸ ಕರಗಿ ನೀರು. ಫೆಲೋಶಿಪ್ ತಡವಾಗಿ ಬರುತ್ತೆ, ಬಂದದ್ದರಲ್ಲಿ ಅರ್ಧ ಊರಿನ ಸಾಲಕ್ಕೆ ಹೋಗುತ್ತೆ. ಹೀಗೆ ಮುಗಿಸಿದ ಪಿಎಚ್‌ಡಿಯನ್ನು ಹೊರದೇಶದ ದೊಡ್ಡ ಲ್ಯಾಬಿನಲ್ಲಿ ನಾಲ್ಕೈದು ವರ್ಷ ಕೂತು ಬಂದವರ ಪಕ್ಕದಲ್ಲಿಟ್ಟು ತೂಗಿ, ತೂಕ ಕಡಿಮೆ ಬಂತು ಅಂತಾರೆ. ತಕ್ಕಡಿ ಯಾರದು ಅಂತ ಕೇಳಬಾರದು. ಅದೇ ವಿಭಾಗದಲ್ಲಿ ಗಾಜಿನ ಸಾಮಾನು ತೊಳೆಯೋಕೆ, ಪ್ರಾಣಿಮನೆ ಗುಡಿಸೋಕೆ, ಅತಿಥಿ ಉಪನ್ಯಾಸಕ ಅಂತ ವರ್ಷಗಟ್ಟಲೆ ಪಾಠ ಮಾಡೋಕೆ ಮಾತ್ರ ನಮ್ಮವರು ಸೂಕ್ತವಾಗಿಯೇ ದೊರೆಯುತ್ತಾರೆ!

ಗೆಳೆಯರೇ, ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ನಿಮ್ಮ ಜಿಲ್ಲೆಯ ವಿಶ್ವವಿದ್ಯಾಲಯಕ್ಕೆ ಬರೆಯಿರಿ. ಜೀವಶಾಸ್ತ್ರದ ಎಲ್ಲ ವಿಭಾಗಗಳಲ್ಲಿ ಖಾಲಿ ಬಿಟ್ಟಿರುವ ಮೀಸಲು ಹುದ್ದೆ ಎಷ್ಟು, ಎಷ್ಟು ಸಲ ಕರೆದರು, ಯಾರ್ಯಾರು ಅರ್ಜಿ ಹಾಕಿದ್ದರು, ಆ ದಿನ ಮೇಜಿನ ಆಚೆ ಬದಿ ಕೂತಿದ್ದವರ ಹೆಸರೇನು ಎಂದು ಕೇಳಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಅಚ್ಚು ಹಾಕುತ್ತೇವೆ.